ಹೆಚ್ಚಿಗೆ ಬಿದ್ದ ಹಕಾರ

2025ರ ಜೂನ್ 12, ಗುರುವಾರ, ಬೆಳಗ್ಗೆ 10.40ಕ್ಕೆ ಅರಕಲಗೂಡು ಠಾಣೆಗೆ ಇಬ್ಬರು ಹೆಂಗಸರು ಬಂದರು. ಹಿರಿಯಾಕೆ ಬಾಗಿಲಲ್ಲೇ ಕುರ್ಚಿ ಕೇಳಿದಳು. ತನಗಲ್ಲ, ಜೊತೆಯಲ್ಲಿದ್ದ ಆರು ತಿಂಗಳ ಬಸುರಿಗೆ.

“ನಮ್ ಸೊಸೆ ಸಾ, ರಂಜಿತಾ ಅಂತ. ಕಾಲೇಜ್ನೋರು ಇವ್ಳ ಎಸ್ರ ಒಡ್ದಾಕವ್ರೆ,” ಎಂದಳು ಮಾಯಮ್ಮ.

ಪಿಎಸ್‌ಐ ಚನ್ನಬಸವಯ್ಯ ಪೆನ್ನು ತೆಗೆಯುವ ಮೊದಲು ಪೂರ್ತಿ ಕೇಳಿಸಿಕೊಂಡರು. ರಂಜಿತಾ ಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ಕೊನೆಯ ವರ್ಷದ ಬಿಎಸ್ಸಿ. ಏಪ್ರಿಲ್‌ನಲ್ಲಿ ಹೊಟ್ಟೆ ಕಾಣತೊಡಗಿದಾಗ ಪ್ರಾಂಶುಪಾಲ ಗಿರಿಧರ ಅವಳನ್ನು ಕರೆದು, ನಾಳೆಯಿಂದ ತರಗತಿಗೆ ಬರಬೇಡ, ಬೇರೆ ಹುಡುಗಿಯರ ಮನಸ್ಸು ಕೆಡುತ್ತದೆ ಎಂದರಂತೆ. ಅವಳು ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದುಕೊಟ್ಟಳು. ಉತ್ತರ ಬರಲಿಲ್ಲ. ಈ ವಾರ ಎಲ್ಲರಿಗೂ ಹಾಲ್ ಟಿಕೆಟ್ ಬಂತು, ಅವಳಿಗೆ ಬರಲಿಲ್ಲ. ಕೇಳಿದರೆ ಜೂನ್ 2ರಂದು ನೀನೇ ಅರ್ಜಿ ಕೊಟ್ಟು ಟಿಸಿ ಕೇಳಿದ್ದೀಯಲ್ಲ ಎಂದರು.

“ನಾನು ಬರೆದಿಲ್ಲ ಸರ್. ಅವತ್ತು ಹಾಸನದಲ್ಲಿ ಸ್ಕ್ಯಾನಿಂಗ್‌ಗೆ ಹೋಗಿದ್ದೆ.” ರಂಜಿತಾ ಚೀಟಿ ಮುಂದಿಟ್ಟಳು. ಅದರ ಮೇಲೆ ಸಮಯವೂ ಇತ್ತು, 11.20. “ಸೋಮವಾರ ಬೆಳಗ್ಗೆ ಹತ್ತಕ್ಕೆ ಪರೀಕ್ಷೆ. ತಪ್ಪಾಗಿದೆ ಅಂತ ನಾಳೆ ನಾಲ್ಕೂವರೆಯೊಳಗೆ ಕಾಲೇಜಿನ ಪತ್ರ ಹಾಸನದ ವಿಶ್ವವಿದ್ಯಾಲಯಕ್ಕೆ ಮುಟ್ಟಬೇಕಂತೆ. ನಾಡಿದ್ದು ಎರಡನೇ ಶನಿವಾರ, ರಜ.”

ಕಾನ್‌ಸ್ಟೆಬಲ್ ಮಾರಮ್ಮ ಗೋಡೆಗೊರಗಿ ಕೇಳುತ್ತಿದ್ದವಳು, “ಮದ್ವೆಯಾದಾಗ ಕೆಡ್ದೇ ಇದ್ದ ಮನ್ಸು ಬಸುರಾದಾಗ ಕೆಡ್ತದಾ,” ಎಂದು ಗೊಣಗಿದಳು.

ಚನ್ನಬಸವಯ್ಯ ನಗಲಿಲ್ಲ. ಅವರ ತಲೆಯಲ್ಲಿ ಆಗಲೇ ಸೆಕ್ಷನ್ನುಗಳು ಜಗಳಕ್ಕೆ ಬಿದ್ದಿದ್ದವು. ಹೆಣ್ಣೆಂಬ ಕಾರಣಕ್ಕೆ, ಬಸುರಿಯೆಂಬ ಕಾರಣಕ್ಕೆ ಯಾರನ್ನೂ ತರಗತಿಯಿಂದ ಎಬ್ಬಿಸುವಂತಿಲ್ಲ. ಸಂವಿಧಾನ ಭೇದ ಬೇಡವೆನ್ನುತ್ತದೆ, ಬಸುರಿ ವಿದ್ಯಾರ್ಥಿನಿಗೆ ಹಾಜರಾತಿಯಲ್ಲಿ ರಿಯಾಯಿತಿ ಕೊಡಿ ಎಂದು ಯುಜಿಸಿ ಸುತ್ತೋಲೆಯೇ ಇದೆ. ಆದರೆ ಅದನ್ನು ಕೇಳಬೇಕಾದವರು ಸಮಿತಿ, ವಿಶ್ವವಿದ್ಯಾಲಯ, ಇಲಾಖೆ. ಠಾಣೆಯ ಕೈಗೆ ಸಿಗುವುದು ಆ ಟಿಸಿ ಅರ್ಜಿ ಮಾತ್ರ. ಬರೀ ನಕಲಿ ದಾಖಲೆ ಸೃಷ್ಟಿ ಎಂದು ನ್ಯಾಯ ಸಂಹಿತೆಯ 336(2) ಹಾಕಿದರೆ ನ್ಯಾಯಾಲಯದ ಅನುಮತಿಯಿಲ್ಲದೆ ತನಿಖೆಗೇ ಇಳಿಯುವಂತಿಲ್ಲ. ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಆ ಕಾಗದ ತೋರಿಸಿ ವಿಶ್ವವಿದ್ಯಾಲಯವನ್ನು ವಂಚಿಸಿ ಅವಳ ಹೆಸರು ತೆಗೆಸಿದ್ದಾರೆ ಎಂದರೆ 336(3), ಜೊತೆಗೆ ನಕಲಿಯನ್ನು ಅಸಲಿಯೆಂದು ಬಳಸಿದ್ದಕ್ಕೆ 340(2); ಆಗ ಅನುಮತಿ ಬೇಕಿಲ್ಲ. ನಿಲ್ಲುತ್ತದೆಯೇ? ಮೂರು ಸಲ ಓದಿ, ಹೊಳೆನರಸೀಪುರದಲ್ಲಿದ್ದ ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡಿ ಹೇಳಿ, ಮಧ್ಯಾಹ್ನ 12.50ಕ್ಕೆ ಎಫ್‌ಐಆರ್ ದಾಖಲಿಸಿದರು.

ಎರಡು ಗಂಟೆಗೆ ಕಾಲೇಜು. ಗಿರಿಧರ ಮರ್ಯಾದೆಯಿಂದಲೇ ಕೂರಿಸಿದರು. ಹುಡುಗಿಯ ಒಳ್ಳೆಯದಕ್ಕೇ ಹೇಳಿದ್ದು, ಲ್ಯಾಬು ಮೂರನೇ ಮಹಡಿಯಲ್ಲಿದೆ ಎಂದರು.

“ಬರಬೇಡ ಅಂದಿದ್ದು ನಿಜವಾ?”

“ಸಲಹೆ ಕೊಟ್ಟೆ.”

“ಟಿಸಿ ಅರ್ಜಿ ಅವಳೇ ತಂದುಕೊಟ್ಟಳಾ?”

“ಆಫೀಸಿನಿಂದ ಬಂತು. ಸಹಿ ಮಾಡಿದೆ.”

“ಅರ್ಜಿ ಓದಿದ್ರಾ?”

ಗಿರಿಧರ ಕನ್ನಡಕ ಒರೆಸಿಕೊಂಡರು. “ವಿಷಯ ಗೊತ್ತಿತ್ತಲ್ಲ.”

ದೂರು ಸಮಿತಿಯ ಅಧ್ಯಕ್ಷೆ, ಉಪನ್ಯಾಸಕಿ ಗಂಗಾಂಬಿಕೆ, ರಂಜಿತಾಳ ದೂರು ತಮ್ಮ ಕೈಗೆ ಬಂದೇ ಇಲ್ಲವೆಂದು ಹೇಳಿಕೆ ಕೊಟ್ಟರು. ಕಚೇರಿ ಸೂಪರಿಂಟೆಂಡೆಂಟ್ ನಾಗೇಶ್ ಕಡತ ತಂದುಕೊಟ್ಟ. ಐವತ್ತರ ಆಸುಪಾಸಿನ, ಗಟ್ಟಿ ಇಸ್ತ್ರಿಯ ಅಂಗಿಯ ಮನುಷ್ಯ. ಪಂಚರ ಎದುರು ಟಿಸಿ ಅರ್ಜಿ ಮತ್ತು ರಂಜಿತಾಳ ಹಳೆಯ ಎರಡು ಅರ್ಜಿಗಳನ್ನು ವಶಕ್ಕೆ ಪಡೆದು ಪಂಚನಾಮೆ ಬರೆದಾಗ 4.10.

ಸಹಿಗಳು ಕಣ್ಣಿಗೆ ಒಂದೇ ಥರ ಕಂಡವು. ಕೈಬರಹ ತಜ್ಞರಿಗೆ ಕಳಿಸಿದರೆ ವರದಿಗೆ ತಿಂಗಳುಗಳು. ಠಾಣೆಗೆ ಮರಳಿ ಚನ್ನಬಸವಯ್ಯ ಆ ಅರ್ಜಿಯನ್ನು ಮತ್ತೆ ಮತ್ತೆ ಓದಿದರು. ತಾನು ಹುಡುಗಿಯ ಮಾತು ನಂಬಿ ದುಡುಕಿದೆನೇ ಎಂಬ ಅಳುಕಿತ್ತು. ಆರು ಗಂಟೆಯ ಹೊತ್ತಿಗೆ, ನಾಲ್ಕನೇ ಸಾಲಿನಲ್ಲಿ ಕಣ್ಣು ನಿಂತಿತು.

“ನನಗೆ ಮದುವೆಯಾಗಿರುತ್ತದೆ, ಹಾದ್ದರಿಂದ ವಿದ್ಯಾಭ್ಯಾಸ ಮುಂದುವರಿಸಲು ಇಷ್ಟವಿಲ್ಲ.”

ಹಾದ್ದರಿಂದ. ಆದ್ದರಿಂದ ಅಲ್ಲ.

ಅವರ ಕಿವಿ ಬಿಸಿಯಾಯಿತು. ಮಾತಿನಲ್ಲಿ ಹಕಾರವೇ ಇಲ್ಲದ ಕಟ್ಟಾಯದ ಕಡೆಯಿಂದ ಬಂದು, ಕಾನ್‌ಸ್ಟೆಬಲ್ ಆಗಿದ್ದುಕೊಂಡೇ ಹಾಸನದ ಸಂಜೆ ಕಾಲೇಜು ಸೇರಿದ ವರ್ಷ, ಹಾಸನವನ್ನು ಆಸನ ಎಂದು ಬರೆದಿದ್ದಕ್ಕೆ ಮೇಷ್ಟ್ರು ಇಡೀ ತರಗತಿಗೆ ಓದಿ ನಗಿಸಿದ್ದರು. ಆಮೇಲೆ ಚನ್ನಬಸವಯ್ಯನಿಗೆ ಹಕಾರದ ಭಯ ಹತ್ತಿತು. ಎಲ್ಲಿ ಬಿಟ್ಟುಬಿಡುತ್ತೇನೋ ಎಂದು ಬೇಡದ ಕಡೆಗೂ ಸೇರಿಸತೊಡಗಿದರು: ಹಾಕಾಶ, ಹಾಸ್ಪದ, ಹಾದ್ದರಿಂದ. ಈಗಲೂ ವರದಿ ಬರೆದ ಮೇಲೆ ಪೆನ್ಸಿಲ್ ಹಿಡಿದು ಹಕಾರ ಒಂದೊಂದನ್ನೂ ಲೆಕ್ಕ ಹಾಕುತ್ತಾರೆ.

ಇದು ರಂಜಿತಾಳ ತಪ್ಪಲ್ಲ. ಅವಳ ಹಳೆಯ ಅರ್ಜಿ ಎರಡರಲ್ಲೂ ‘ಆದ್ದರಿಂದ’ ಸರಿಯಾಗಿಯೇ ಇತ್ತು. ಅವಳ ವಯಸ್ಸಿನವರಿಗೆ ಆ ಭಯವೇ ಇಲ್ಲ. ಗಿರಿಧರರದೂ ಅಲ್ಲ. ಹೊಳೆನರಸೀಪುರದ ಅಗ್ರಹಾರದಲ್ಲಿ ಬೆಳೆದ ಅವರ ಬಾಯಲ್ಲಿ ಹಕಾರ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಒಮ್ಮೆ ಓದಿದ್ದರೆ ಹಿಡಿದೇಬಿಡುತ್ತಿದ್ದರು. ಬೇಕಾಗಿದ್ದ ಕಾಗದ ತಾನಾಗಿ ಬಂದಾಗ ಯಾರು ಓದುತ್ತಾರೆ? ಇದು ನಕ್ಕವರ ಮುಂದೆ ಒಮ್ಮೆ ನಿಂತು ಬಂದವನ ತಪ್ಪು.

“ನಾಳೆ ಆಫೀಸಿನ ರಿಜಿಸ್ಟರ್ ನೋಡಬೇಕು ಮಾರಮ್ಮ.”

“ಏನ್ ಸಿಕ್ತು ಸಾ?”

“ಒಂದಕ್ಷರ. ಅದ್ನ ನಂಬ್ಕೊಂಡು ಹೋಗ್ಬೋದೋ ಇಲ್ವೋ ಗೊತ್ತಿಲ್ಲ.”

ಜೂನ್ 13, ಶುಕ್ರವಾರ, ಬೆಳಗ್ಗೆ 10.15. ಕಾಲೇಜಿನ ರವಾನೆ ಪುಸ್ತಕದಲ್ಲಿ ಚನ್ನಬಸವಯ್ಯ ಬೆರಳಿಟ್ಟು ಸಾಲು ಸಾಲು ಇಳಿದರು. “ಹಾರೋಗ್ಯ ಇಲಾಖೆಗೆ ಪತ್ರ.” “ಹಾಮಂತ್ರಣ ಪತ್ರಿಕೆ, ಐವತ್ತು.” ಬರೆಯುವವನು ನಾಗೇಶ್ ಒಬ್ಬನೇ. ಜೂನ್ ಮೊದಲ ವಾರದ ಹಾಳೆ ಬರುವ ಕಡೆ ಬರೀ ಹರಿದ ಅಂಚು.

“ಹಾಳೆ ಎಲ್ಲಿ?”

“ಮೊದ್ಲೇ ಇರ್ಲಿಲ್ಲ ಸಾರ್.”

ಬೆಳಗ್ಗೆ ಮೊದಲೇ ಮಫ್ತಿಯಲ್ಲಿ ಬಂದು ಕಚೇರಿ ಬಾಗಿಲಲ್ಲಿ ನಿಂತಿದ್ದ ಮಾರಮ್ಮ ಕಸದ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. “ಬಾಗ್ಲು ತೆಗೀತಿದ್ದಂಗೆ ಇವ್ರೇ ಅರ್ದಾಕುದ್ರು ಸಾ. ನಾನು ಕಸ ಗುಡ್ಸೋಳು ಅನ್ಕಂಡ್ರೇನೋ.” ಚೂರುಗಳನ್ನು ಪಂಚರ ಎದುರು ಜೋಡಿಸಿದಾಗ ಸಾಲು ಕಂಡಿತು: ಜೂನ್ 3, ವಿಶ್ವವಿದ್ಯಾಲಯಕ್ಕೆ ರಂಜಿತಾಳ ಹೆಸರು ತೆಗೆಯುವಂತೆ ಪತ್ರ.

ನಾಗೇಶನನ್ನು ಗ್ರಂಥಾಲಯದ ಕೋಣೆಯಲ್ಲಿ ಕೂರಿಸಿದರು.

“ಪ್ರಿನ್ಸಿಪಾಲರು ಬರೆಸಿದ್ರಾ?”

“ಅವ್ರು ಆ ಹುಡುಗಿ ವಿಷ್ಯ ಹೆಂಗಾದ್ರೂ ಮುಗೀಬೇಕು ಅಂದ್ರು. ಬರಿ ಅನ್ನಲಿಲ್ಲ.”

“ಅವಳ ದೂರು?”

ನಾಗೇಶ್ ಅಂಗಿಯ ತೋಳು ಸರಿಮಾಡಿಕೊಂಡ. ಚನ್ನಬಸವಯ್ಯ ಅರ್ಜಿಯನ್ನು ಅವನ ಮುಂದೆ ಸರಿಸಿ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. ನಾಗೇಶ್ ನೋಡಿದ. ಒಡನೆ ಗೊತ್ತಾಗಲಿಲ್ಲ. ಗೊತ್ತಾದಾಗ ಮುಖ ಕುಸಿಯಿತು.

“ನಾನೂ ಹಿಂಗೇ ಬರೀತಿದ್ದೆ,” ಎಂದರು ಚನ್ನಬಸವಯ್ಯ ಮೆಲ್ಲಗೆ. “ಎಷ್ಟು ವರ್ಷ ಆದ್ರೂ ಬಿಡಲ್ಲ ಅದು.”

11.50ಕ್ಕೆ ನಾಗೇಶ್ ತಾನಾಗಿ ಎದ್ದು ಹಳೆಯ ಪ್ರಶ್ನೆಪತ್ರಿಕೆಗಳ ಬೀರು ತೋರಿಸಿದ. ಕೆಳಗಿನ ಖಾನೆಯಲ್ಲಿ ಸಮಿತಿಗೆ ಸೇರಬೇಕಿದ್ದ ರಂಜಿತಾಳ ದೂರು ಇತ್ತು. ಅದರಡಿ ಪ್ರಶ್ನೆಪತ್ರಿಕೆಯೊಂದರ ಬೆನ್ನಿನ ಮೇಲೆ ಅವಳ ಸಹಿ, ಮೂವತ್ತನಾಲ್ಕು ಸಲ. ಎರಡನೇ ಪಂಚನಾಮೆ ಮುಗಿದದ್ದು 12.40ಕ್ಕೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಬಂಧಿಸಲು ಕಾರಣ ಬರೆಯಬೇಕು. ‘ಆರೋಪಿಯು ಸಾಕ್ಷ್ಯ ಹರಿದುಹಾಕಿರುತ್ತಾನೆ’ ಎಂದು ಬರೆದು, ಎರಡು ಸಲ ಓದಿ, 1.05ಕ್ಕೆ ಬಂಧಿಸಿದರು.

ಗಿರಿಧರ ಟಿಸಿ ರದ್ದುಪಡಿಸುವ ಪತ್ರಕ್ಕೆ ಸಹಿ ಹಾಕಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಆಡಳಿತ ಮಂಡಳಿಯನ್ನು ಕೇಳಬೇಕೆಂದರು, ನಾಳೆ ಕೊಡುತ್ತೇನೆಂದರು. ಬಸುರಿಯನ್ನು ತರಗತಿಯಿಂದ ಹೊರಗಿಟ್ಟದ್ದರ ಬಗ್ಗೆ ಇಲಾಖೆಗೂ ವಿಶ್ವವಿದ್ಯಾಲಯಕ್ಕೂ ಹೋಗುವ ವರದಿಯಲ್ಲಿ ಈ ತಡವನ್ನೂ ನಿಮಿಷ ಸಮೇತ ಬರೆಯುತ್ತೇನೆ ಎಂದು ಚನ್ನಬಸವಯ್ಯ ಗಡಿಯಾರ ನೋಡಿದರು. ಗಿರಿಧರ ಈ ಸಲ ಪತ್ರವನ್ನು ಪೂರ್ತಿ ಓದಿಯೇ ಸಹಿ ಹಾಕಿದರು. 2.20ಕ್ಕೆ ಮಾರಮ್ಮ ಅದನ್ನು ಹಿಡಿದು, ರಂಜಿತಾ ಮತ್ತು ಮಾಯಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೊರಟಳು.

ಠಾಣೆಯಲ್ಲಿ ನಾಗೇಶ್ ನೀರು ಕುಡಿದು ಲೋಟ ಕೆಳಗಿಟ್ಟ.

“ಯಾಕಪ್ಪಾ? ಆ ಹುಡುಗಿ ನಿನಗೇನು ಮಾಡಿದ್ಲು?” ಎಂದರು ಚನ್ನಬಸವಯ್ಯ.

ನಾಗೇಶ್ ಲೋಟವನ್ನೇ ನೋಡುತ್ತ ಹೇಳಿದ. ಅವನ ಮಗಳು ದಿವ್ಯಾ ಇದೇ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದಳು. ಮದುವೆ ಮಾಡಿದ, ಬಸುರಾದಳು. ಯಾರೂ ಬಿಡಿಸು ಎನ್ನಲಿಲ್ಲ. ನಾಲ್ಕು ಜನರ ಮುಂದೆ ತಲೆ ತಗ್ಗಿಸುವಂತಾಗಬಾರದೆಂದು ತಾನೇ ಟಿಸಿ ಬರೆದು, ತಾನೇ ಮೊಹರು ಒತ್ತಿ ಮನೆಗೆ ಒಯ್ದ. ಅವಳು ಅತ್ತಳು, ಪರೀಕ್ಷೆ ಬರೆದುಬಿಡುತ್ತೇನೆಂದು ಬೇಡಿಕೊಂಡಳು. ಬಸುರಿಯರನ್ನು ಯಾವ ಕಾಲೇಜೂ ಕೂರಿಸುವುದಿಲ್ಲ, ರೂಲೇ ಹಂಗಿದೆ ಎಂದು ಬಾಯಿ ಮುಚ್ಚಿಸಿದ್ದ. ನಾಲ್ಕು ವರ್ಷವಾಯಿತು. ಅವಳೀಗ ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ.

“ಈ ಹುಡುಗಿ ಹೊಟ್ಟೆ ಹೊತ್ಕೊಂಡು ಪರೀಕ್ಷೆ ಬರ್ದು ಪಾಸಾದ್ರೆ, ನಮ್ಮುಡುಗಿಗೆ ಏನಂತ ಏಳ್ಲಿ ಸಾ?” ಇಷ್ಟು ವರ್ಷ ಹೆದರಿ ಹಿಡಿದಿಟ್ಟಿದ್ದ ಹಕಾರ ಅವನ ಬಾಯಿಂದ ಬಿದ್ದುಹೋಗಿದ್ದು ಅವನಿಗೆ ತಿಳಿಯಲಿಲ್ಲ.

4.20ಕ್ಕೆ ಹಾಸನದಿಂದ ಮಾರಮ್ಮ ಫೋನ್ ಮಾಡಿದಳು. ಹಾಲ್ ಟಿಕೆಟ್ ಕೈಗೆ ಬಂದಿದೆ, ಮಾಯಮ್ಮ ಅಲ್ಲಿನ ಗುಮಾಸ್ತನಿಗೂ ಕೈಮುಗಿದಳು ಎಂದಳು.

ಬಂಧನದ ವಿಷಯ ಹತ್ತಿರದ ಸಂಬಂಧಿಗೆ ತಿಳಿಸಬೇಕು. ಮಧ್ಯಾಹ್ನ ಕೇಳಿದಾಗ ಹೆಂಡತಿ ತೀರಿಕೊಂಡಿದ್ದಾಳೆ ಎಂದಿದ್ದ ನಾಗೇಶ್, ಮಗಳ ನಂಬರ್ ಮಾತ್ರ ಕೊಟ್ಟಿರಲಿಲ್ಲ. ಈಗ ಕೊಟ್ಟ. ಚನ್ನಬಸವಯ್ಯ ಅವನಿಗೆ ಬೆನ್ನು ಹಾಕಿ ನಿಂತು ದಿವ್ಯಾಳಿಗೆ ಫೋನ್ ಮಾಡಿದರು. ಹೆಸರು, ಠಾಣೆ, ಅಪರಾಧ, ಎಲ್ಲಿ ಹಾಜರುಪಡಿಸುತ್ತೇವೆ ಎಲ್ಲವನ್ನೂ ಹೇಳಿದರು. ಆಕೆ ಏನು ಕೇಸು ಎಂದು ಕೇಳಿದಳು. ಮುಚ್ಚಿಡುವ ವಿಷಯವಲ್ಲವಾದ್ದರಿಂದ ಅದನ್ನೂ ಹೇಳಿದರು.

ಆ ಕಡೆ ಮಗುವೊಂದು ಏನೋ ಕೇಳುತ್ತಿತ್ತು. ದಿವ್ಯಾ ಅದನ್ನು ಸುಮ್ಮನಿರಿಸಿದಳು.

“ಹಂಗಾದ್ರೆ ಬಸುರಿಯರು ಪರೀಕ್ಷೆ ಬರೀಬೋದಾ ಸರ್?”

“ಬರೀಬೋದಮ್ಮ.”

“ನಾಕ್ ವರ್ಷದ ಹಿಂದೇನೂ?”

ಚನ್ನಬಸವಯ್ಯ ಗೋಡೆ ನೋಡಿದರು. “ಆಗ್ಲೂ ಬರೀಬೋದಿತ್ತು.”

ಫೋನ್ ಕಟ್ಟಾಯಿತು. ಅವರು ಕುರ್ಚಿಗೆ ಬಂದು, ಬಂಧನ ಪತ್ರದ ಖಾಲಿ ಜಾಗದಲ್ಲಿ ‘ಆರೋಪಿಯ ಮಗಳಿಗೆ ತಿಳಿಸಲಾಗಿದೆ, ಸಮಯ 4.45’ ಎಂದು ಬರೆದು, ಸಹಿಗಾಗಿ ನಾಗೇಶನ ಕಡೆ ತಿರುಗಿಸಿದರು.