ರೆಕ್ಕೆ ಬಿಚ್ಚಿದ ಪದುಮಕ್ಕ

ಬಹಳ ಹಿಂದೆ, ಮಿಂಚುಗಲ್ಲು ಅನ್ನುವ ರಾಜ್ಯದಲ್ಲಿ, ಕುದುರೆಯಿಲ್ಲದೆ ಓಡುವ ರಥಗಳ ರಸ್ತೆಯೊಂದಿತ್ತು. ಹಗಲಿಲ್ಲ, ಇರುಳಿಲ್ಲ, ಓಡಿದ್ದೇ ಓಡಿದ್ದು. ಅದನ್ನು ಕಟ್ಟಿದವನು ಮಾಂತ್ರಿಕ ಉಗ್ರಧೂಮ. ರಥಕ್ಕೆ ಮನುಷ್ಯರ ರಕ್ತ ತಾಗಿದರೆ ಅವನ ಮಾಯೆಯೆಲ್ಲ ಮುರಿಯುತ್ತಿತ್ತು. ಹಾಗಂತ ರಥ ನಿಧಾನ ಮಾಡಿದನೇ? ಎಲ್ಲಿಯ ಮಾತು! ರಸ್ತೆ ಪಕ್ಕದ ಊರಿನವರನ್ನೆಲ್ಲ ಚಿಟ್ಟೆ ಮಾಡಿಬಿಟ್ಟ. ಚಿಟ್ಟೆ ಸತ್ತರೆ ಕೇಳುವವರು ಯಾರು, ಪಾಪಿ!

ಆ ಊರಿನ ಚೆನ್ನಿಗ ಆಗ ಪರವೂರಿಗೆ ಹೋಗಿದ್ದ. ಅವನ ಬಳಿ ಬಿಂಬಪೆಟ್ಟಿಗೆ ಇತ್ತು. ನಾವೀಗ ಕ್ಯಾಮೆರಾ ಅನ್ನುತ್ತೇವಲ್ಲ, ಅದೇ. ಮರಳಿ ಬಂದರೆ ಮನೆ ಖಾಲಿ. ತಾಯಿಯಂತೆ ಸಾಕಿದ ಅಕ್ಕ ಪದುಮಕ್ಕನೂ ಇಲ್ಲ. ಅತ್ತೂ ಅತ್ತೂ ಬೆಟ್ಟದ ಮಾಯಾಜ್ಜಿಯ ಕಾಲಿಗೆ ಬಿದ್ದ.

"ನಿನ್ನಕ್ಕ ಚಿಟ್ಟೆಯಾಗಿದ್ದಾಳೆ. ಅವಳು ಎರಡೂ ರೆಕ್ಕೆ ಬಿಚ್ಚಿ ಕೂತಾಗ ಬಿಂಬ ಹಿಡಿಯೋ ಮಗಾ. ಕೂತಲ್ಲೇ ಮನುಷ್ಯಳಾಗ್ತಾಳೆ" ಅಂದಳು ಅಜ್ಜಿ.

ಮೊದಲು ಅಕ್ಕ ಬೇಲಿಯ ಮೇಲೆ ಸಿಕ್ಕಳು. ಹಳದಿ ರೆಕ್ಕೆ, ನೂಲಿನಂಥ ದನಿ.

"ಅಕ್ಕಾ, ರೆಕ್ಕೆ ಬಿಚ್ಚೇ."

"ಇಲ್ಲಿ ಚಳಿ ಕಣೋ, ಬಿಚ್ಚಕ್ಕಾಗಲ್ಲ. ರಸ್ತೆ ಬೆಚ್ಚಗಿದೆ."

ಎರಡನೇ ಸಲ ರಸ್ತೆಯ ಅಂಚಿನಲ್ಲಿ ಕೂತಳು. ರೆಕ್ಕೆ ಬಿಚ್ಚಿದಳು. ಚೆನ್ನಿಗ ಆಸೆಯಿಂದ ಬಗ್ಗಿದ. ಅವನ ನೆರಳು ಅವಳ ಮೇಲೆ ಬಿತ್ತು. ಪುರ್ ಅಂತ ಎದ್ದವಳನ್ನು ರಥದ ಗಾಳಿ ಎತ್ತಿ ಒಗೆಯಿತು. ರೆಕ್ಕೆಯ ತುದಿ ಹರಿಯಿತು.

"ಬೇಕು ಅಂತ ಹಾರಿದ್ದಲ್ಲ ಕಣೋ. ನೆರಳು ಕಂಡ್ರೆ ರೆಕ್ಕೆ ನನ್ನ ಮಾತು ಕೇಳಲ್ಲ" ಅಂದಳು ಪದುಮಕ್ಕ. "ಇನ್ನೊಂದು ಗಾಳಿ ತಡೆಯಲ್ಲ ನಾನು. ಬೇಗ ಮಾಡೋ ತಮ್ಮಾ."

ಮೂರನೇ ಸಲ ಹರಿದ ರೆಕ್ಕೆಯಲ್ಲಿ ಅಷ್ಟು ಇಷ್ಟು ಹಾರುತ್ತ ನಡುರಸ್ತೆಗೇ ಹೋಗಿ ಕೂತಳು. ಅಲ್ಲೇ ಬಿಸಿ ಹೆಚ್ಚು. ಚೆನ್ನಿಗ ಈ ಸಲ ಜಾಣನಾಗಿದ್ದ. ಸೂರ್ಯನಿಗೆ ಎದುರಾಗಿ, ನೆರಳು ಹಿಂದೆ ಬೀಳುವ ಹಾಗೆ, ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿದ. ಕಣ್ಣನ್ನು ಪೆಟ್ಟಿಗೆಗೆ ಒತ್ತಿ ಉಸಿರು ಬಿಗಿಹಿಡಿದ. ರೆಕ್ಕೆಗಳು ಮೆಲ್ಲಗೆ ಬಿಚ್ಚಿಕೊಂಡವು. ಅಯ್ಯೋ, ಏನು ಚಂದ! ಪೆಟ್ಟಿಗೆ ಕಟಕ್ ಅಂದಿತು.

ಬಿಂಬ ಸಿಕ್ಕಿತು. ಪದುಮಕ್ಕ ಹೆಣ್ಣಾಗಿ ಎದ್ದು ನಿಂತಳು, ಅದೇ ಹಳದಿ ಸೀರೆ. "ತಮ್ಮಾ" ಅಂತ ಕೈ ಚಾಚಿದಳು.

ರಥ ಬಂತು. ಚಿಟ್ಟೆಯಾಗಿದ್ದರೆ ಗಾಲಿಗಳ ನಡುವೆ ಉಳಿದುಬಿಡುತ್ತಿದ್ದಳೋ ಏನೋ. ಹೆಣ್ಣು ಹೇಗೆ ಉಳಿದಾಳು?

ರಕ್ತ ತಾಗಿದ್ದೇ ತಡ, ರಥಗಳೆಲ್ಲ ನಿಂತವು. ಉಗ್ರಧೂಮ ಕೂತಲ್ಲೇ ಬೂದಿಯಾದ. ಬೇಲಿಬೇಲಿಯಿಂದ ಚಿಟ್ಟೆಗಳು ಮನುಷ್ಯರಾಗಿ ಇಳಿದವು. ತಾಯಂದಿರು ಮಕ್ಕಳನ್ನು ಅಪ್ಪಿಕೊಂಡರು, ಊರೆಲ್ಲ ಹೋ ಅಂತ ಕುಣಿಯಿತು. ಎಲ್ಲರೂ ನೂರ್ಕಾಲ ಸುಖವಾಗಿ ಬಾಳಿದರು. ಕತೆ ಹೇಳುವವಳು ಹಾಗೆ ಹೇಳಲೇಬೇಕು, ಸುಳ್ಳೂ ಅಲ್ಲ. ಆದರೆ ನನ್ನ ಹೊಟ್ಟೆ ಉರಿಯುತ್ತದೆ ಕಣ್ರಪ್ಪಾ.

ಊರಿನ ಹಿರಿಯ ಬಂದು ಕೈಮುಗಿದ. "ನಿನ್ನಿಂದ ನಾವೆಲ್ಲ ಬದುಕಿದ್ವಪ್ಪಾ ಚೆನ್ನಿಗ."

ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಚೆನ್ನಿಗ ಮುಖ ಎತ್ತಲಿಲ್ಲ.

"ನಾನು ರೆಕ್ಕೆ ನೋಡ್ತಿದ್ದೆ ಅಜ್ಜಾ" ಅಂದ. "ರಥ ನೋಡ್ಲೇ ಇಲ್ಲ."