ಸೆಟ್ಟೆಲ್ಲ ನಕ್ಕ ಮಾತು

"ಮೂಗು ಸ್ವಲ್ಪ ಎಡಕ್ಕೆ, ಮಹಾರಾಣಿ." ಅವನು ಬೆರಿಲ್‌ಗೆ ಹೇಳಿದ ಮೊದಲ ಮಾತೇ ಇದು.

"ಮೂಗೊಂದನ್ನೇ ಹೇಗಯ್ಯಾ ತಿರುಗಿಸ್ಲಿ?" ಎಂದು ಅವಳು ತಲೆಯೆತ್ತಿದಳು. ಮೇಲೆ ಅಟ್ಟಣಿಗೆಯಲ್ಲಿ, ದೊಡ್ಡ ದೀಪದ ಹಿಂದಿನಿಂದ ಎರಡು ಕೆಂಪು ಕಿವಿಗಳು ಇಣುಕಿದವು. ಲೈಟ್‌ಮನ್ ವಿಲ್ಫ್ ನಾಚಿಕೊಂಡಿದ್ದ.

ಅದು ಲಂಡನ್ನಿನ ಹೊರಗಿನ ಸ್ಟುಡಿಯೋ, ೧೯೬೪ರ ಬೇಸಿಗೆ. ಯಾವುದೋ ಭಾರೀ ಚಿತ್ರದವರು ಬಿಟ್ಟುಹೋದ ರೋಮಿನ ಅರಮನೆ, ಈಜಿಪ್ಟಿನ ಕಂಬಗಳ ನಡುವೆ ಇವರು ನಗೆಚಿತ್ರ ತೆಗೆಯುತ್ತಿದ್ದರು. ರೋಮಿನ ಸೈನಿಕರು ಬಸ್ಸು ತಪ್ಪಿತೆಂದು ಗೊಣಗುವಂಥ ಚಿತ್ರ. ಬೆರಿಲ್ ನಾಯಕಿಯಲ್ಲ, ನಾಯಕಿಯ ಬದಲಿ. ಬೆಳಕು ಹೊಂದಿಸುವವರೆಗೆ ರಾಣಿಯ ಕಪ್ಪು ಟೋಪನ್ ಹಾಕಿಕೊಂಡು ರಾಣಿ ಸ್ನಾನ ಮಾಡುವ ಹಾಲಿನ ತೊಟ್ಟಿಯಲ್ಲಿ ಕೂರಬೇಕು, ಕ್ಯಾಮೆರಾ ಓಡುವಾಗ ಎದ್ದು ಹೋಗಬೇಕು. ಹಾಲೇನು ಬಂತು, ಪುಡಿ ಕದಡಿದ ನೀರು! ದೀಪದ ಕಾವಿಗೆ ಮಧ್ಯಾಹ್ನದೊಳಗೆ ಗಬ್ಬು ನಾರುತ್ತಿತ್ತು.

ಆದರೂ ಅವಳು ಬೇಸರಪಡಲಿಲ್ಲ. ಮೇಲಿನಿಂದ ಅವನ ಮಾತು ಬರುತ್ತಿತ್ತಲ್ಲ.

"ಅಮ್ಮನ ಕೆಮ್ಮು ಹೇಗಿದೆ ವಿಲ್ಫ್?"

"ರಾತ್ರಿಯೆಲ್ಲ ಕೆಮ್ಮು, ಬೆಳಿಗ್ಗೆಯೆಲ್ಲ ಬೈಗುಳ. ಆರೋಗ್ಯವಾಗಿದಾಳೆ."

ಮೇಲಿದ್ದಾಗ ಹೀಗೆ. ಕೆಳಗಿಳಿದು ಟೀ ಗಾಡಿಯ ಮುಂದೆ ನಿಂತರೆ ಬಾಯಿಗೆ ಬೀಗ. ಅವಳ ಕಪ್ಪಿಗೆ ಸಕ್ಕರೆ ಹಾಕಿ, ಕಲಕಿ, ಕೈಗೆ ಕೊಟ್ಟು ಹೊರಟುಬಿಡುತ್ತಿದ್ದ. ಬಾಯಿಬಿಟ್ಟು ಹೇಳಲಿ ಎಂದು ಬೆರಿಲ್ ಬೇಸಿಗೆಯುದ್ದಕ್ಕೂ ಕಾದಳು. ತಾನೇ ಹೇಳೋಣವೆಂದರೆ ಅವಳಿಗೂ ಧೈರ್ಯವಿರಲಿಲ್ಲ.

ಆ ಶುಕ್ರವಾರ ಸೈನಿಕನು ತೊಟ್ಟಿಯ ಪಕ್ಕ ಮಂಡಿಯೂರಿ ರಾಣಿಗೆ ಪ್ರೇಮ ಹೇಳುವ ದೃಶ್ಯ. ನಾಯಕನ ಬದಲಿಯವನಿಗೆ ಹಲ್ಲುನೋವು. "ವಿಲ್ಫ್, ಇಳಿದು ಬಾರಯ್ಯಾ, ನೀನೇ ಕೂತ್ಕೋ" ಎಂದ ಡೈರೆಕ್ಟರ್ ಹ್ಯಾರಿಮನ್. ಅಲ್ಲೊಂದು ರೂಢಿಯಿತ್ತು: ತಾಲೀಮಿನಲ್ಲಿ ಯಾರು ಬೇಕಾದರೂ ಒಂದು ಮಾತು ಸೇರಿಸಬಹುದು. ಸೆಟ್ಟು ನಕ್ಕರೆ ಅದು ಚಿತ್ರಕ್ಕೆ.

ಶಿರಸ್ತ್ರಾಣ ಅವನ ಹುಬ್ಬಿನ ಮೇಲೆ ಜಾರಿತು. ಅವನು ಅದನ್ನು ಮೇಲಕ್ಕೆ ತಳ್ಳಿ ಅವಳನ್ನೇ ನೋಡಿದ.

"ನನ್ನ ಹತ್ರ ಸಾಮ್ರಾಜ್ಯ ಇಲ್ಲ. ಸ್ಲೌ ಊರಲ್ಲಿ ಎರಡು ಕೋಣೆ ಇದೆ. ಒಂದರಲ್ಲಿ ಅಮ್ಮನ ಕೆಮ್ಮು, ಇನ್ನೊಂದರಲ್ಲಿ ನಾನು. ಸಾಕು ಅನ್ಸಿದ್ರೆ ಬಂದ್ಬಿಡು."

ಬೆರಿಲ್‌ಗೆ ಎದೆ ತುಂಬಿಬಂತು. ಅಂತೂ ಹೇಳಿದನಲ್ಲ, ಅದೂ ಈ ವೇಷದಲ್ಲಿ, ಈ ನಾತದಲ್ಲಿ! ಸಂತೋಷ ತಡೆಯಲಾರದೆ ಅವಳು ಜೋರಾಗಿ ನಕ್ಕುಬಿಟ್ಟಳು.

ಅವಳು ನಕ್ಕದ್ದೇ ತಡ, ಬಡಗಿಗಳು, ದರ್ಜಿಗಳು, ಕ್ಯಾಮೆರಾದವರು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಿತ್ರಕ್ಕೆ!" ಎಂದು ಹ್ಯಾರಿಮನ್ ಚಪ್ಪಾಳೆ ತಟ್ಟಿದ. ವಿಲ್ಫ್ ಶಿರಸ್ತ್ರಾಣ ತೆಗೆದಿಟ್ಟು ಏಣಿ ಹತ್ತಿದ. ಕಿವಿ ಈಗ ಬಿಳಿಚಿಕೊಂಡಿತ್ತು.

ಸಂಜೆಯವರೆಗೆ ಟೇಕ್ ಮೇಲೆ ಟೇಕ್. ನಾಯಕ ಆ ಮಾತಿಗೆ ಕಣ್ಣು ಹೊರಳಿಸಿದ, ಕೆಮ್ಮಿ ತೋರಿಸಿದ. ಪ್ರತಿ ಸಲವೂ ನಗು. ವಿಲ್ಫ್ ಅವನ ಮುಖಕ್ಕೆ ಬೆಳಕು ಹಿಡಿದು ನಿಂತಿದ್ದ.

ಕೆಲಸ ಮುಗಿದಾಗ ಏಣಿಯ ಬುಡದಲ್ಲಿ ಬೆರಿಲ್ ಅವನನ್ನು ತಡೆದಳು. "ನಾನು ಖುಷಿಗೆ ನಕ್ಕಿದ್ದು ಕಣೋ."

"ಎಲ್ಲರಿಗಿಂತ ಮೊದ್ಲು ನಕ್ಕಿದ್ದು ನೀನೇ."

"ಖುಷಿ ಮೊದ್ಲು ಆಗಿದ್ದೂ ನನಗೇ."

"ಅವರಷ್ಟೇ ನಕ್ಕಿದ್ರೆ ಮರ್ತುಬಿಡ್ತಿದ್ದೆ, ಬೆರಿಲ್. ಟೀ ಹೊತ್ತಲ್ಲಿ ಫೋನ್ ಮಾಡಿ, ಸೋಮವಾರದಿಂದ ಸ್ಕಾಟ್ಲೆಂಡಲ್ಲಿ ಕೆಲಸ ಕೇಳ್ಕೊಂಡೆ. ಕೊಟ್ಟಿದಾರೆ."

"ಬೇಡ ಅಂದ್ಬಿಡು. ಹೋಗ್ಬೇಡ."

ಅವನು ಕೋಟು ಹೆಗಲಿಗೆ ಹಾಕಿಕೊಂಡು ಬಾಗಿಲಿನತ್ತ ನಡೆದ. ಬೆರಿಲ್‌ಗೆ ಇನ್ನು ನಾಚಿಕೆ ಉಳಿಯಲಿಲ್ಲ. ಅಷ್ಟು ಜನರ ನಡುವೆ ನಿಂತು ಕೂಗಿದಳು: "ಎರಡು ಕೋಣೆ ಸಾಕು ವಿಲ್ಫ್! ನಿಮ್ಮಮ್ಮನ ಕೆಮ್ಮೂ ಇರ್ಲಿ. ಬರ್ತೀನಿ!"

ಸೆಟ್ಟಿಗೆ ಸೆಟ್ಟೇ ನಕ್ಕಿತು. "ಒಳ್ಳೇ ಉತ್ತರ ಮಾರಾಯ್ತಿ!" ಎಂದ ಹ್ಯಾರಿಮನ್, ಕಣ್ಣೊರೆಸಿಕೊಳ್ಳುತ್ತ. "ನಾಳೆ ಇದನ್ನೂ ತೆಗೆಯೋಣ."

ವಿಲ್ಫ್ ಬಾಗಿಲಲ್ಲಿ ನಿಂತು ತಿರುಗಿ ನೋಡಿದ. ಅಷ್ಟೂ ಮುಖಗಳು ನಗುತ್ತಿದ್ದವು. ಇದೂ ಚಿತ್ರಕ್ಕೆ ಸೇರಿಸಿದ ಮಾತೆಂದುಕೊಂಡು ಅವನೂ ನಕ್ಕು, ಅವಳಿಗೆ ಸೈನಿಕನ ಸಲಾಮು ಹೊಡೆದು, ಹೊರಟುಹೋದ.