ಮಾಂತ್ರಿಕನ ಮೊಣಕಾಲು

ಬಹಳ ಹಿಂದೆ, ಹುಲಿಗಳು ಮನುಷ್ಯರ ಜತೆ ಮಾತಾಡುತ್ತಿದ್ದ ಕಾಲದಲ್ಲಿ, ಕಂಚಿನಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಜೋಳದಹಾಳು ಎಂಬ ಹಳ್ಳಿ. ಅರಮನೆಯ ಕತೆ ಬೇಕಾದವರು ಬೇರೆ ಕಡೆ ಕೇಳಿಕೊಳ್ಳಿ. ಗಟ್ಟಿ ಆಳುಗಳೆಲ್ಲ ಹುಟ್ಟುವುದು ಹಳ್ಳಿಯಲ್ಲೇ, ಈ ಕತೆ ಹುಟ್ಟಿದ್ದೂ ಅಲ್ಲೇ.

ಆ ಊರಲ್ಲಿ ಗಾಳೆವ್ವ ಎಂಬಾಕೆ ಗರಡಿ ನಡೆಸುತ್ತಿದ್ದಳು. ಕತ್ತಿ ಇಲ್ಲ, ಕೋಲಿಲ್ಲ, ಬರಿಗೈ ವಿದ್ಯೆ. ಈಗ ನೀವು ಕರಾಟೆ ಅನ್ನುತ್ತೀರಲ್ಲ, ಹೆಚ್ಚುಕಡಿಮೆ ಅಂಥದ್ದು. ಅವಳು ಗುದ್ದಿದರೆ ಹುಣಸೆಮರ ಕಾಯಿ ಉದುರಿಸುತ್ತಿತ್ತು. ತಂದೆತಾಯಿ ಇಲ್ಲದ ಉಡಚನನ್ನು ಸಾಕಿದವಳೂ ಅವಳೇ. ರೊಟ್ಟಿ ತಟ್ಟಿ ಕೊಟ್ಟ ಕೈಯೇ ಅವನಿಗೆ ಮುಷ್ಟಿ ಕಟ್ಟುವುದನ್ನು ಕಲಿಸಿತು. ಉಡಚ ಬೆಳೆದು ಬಂಡೆಯಂಥ ಆಳಾದ. ಆದರೂ ಅವನು ಕಾಲು ನೆಟ್ಟಗೆ ಮಾಡಿ ನಿಂತಾಗಲೆಲ್ಲ ಗಾಳೆವ್ವ ತನ್ನ ಪಾದದಿಂದ ಅವನ ಮೊಣಕಾಲನ್ನು ಮೆಲ್ಲಗೆ ತಟ್ಟುವಳು.

"ಬಗ್ಗಿಸೋ ಮಗನೆ. ಹಿಂಗೆ ನಿಂತರೆ ನಿನ್ನನ್ನ ಕುರಿಮರಿ ಕೆಡವುತ್ತೆ."

ಆ ರಾಜ್ಯದ ಕರಿಬೆಟ್ಟದ ಮೇಲೆ ಜಾಲಂಕ ಎಂಬ ಮಾಂತ್ರಿಕನಿದ್ದ. ಮಂತ್ರದಂಡ ಹಿಡಿದು ಅವನು ಮುಟ್ಟಿದವರು ಕಲ್ಲಾಗುತ್ತಿದ್ದರು. ರಾಜನ ಸೈನ್ಯ ಕಲ್ಲಾಗಿತ್ತು. ರಾಜ ಮಂಚದ ಕೆಳಗೆ ಸೇರಿದ್ದ. ಒಂದು ದಿನ ಜಾಲಂಕ ದೊಡ್ಡ ಹದ್ದಿನ ಮೇಲೆ ಕೂತು ಜೋಳದಹಾಳಿಗೆ ಬಂದ.

"ನಿನ್ನ ಶಿಷ್ಯರನ್ನೆಲ್ಲ ನನ್ನ ಕಾವಲಿಗೆ ಕಳಿಸು" ಅಂದ.

"ಊರು ಕಾಯೋಕೆ ಕಲಿಸಿದ್ದೀನಿ, ನಿನ್ನ ಬಾಗಿಲು ಕಾಯೋಕಲ್ಲ" ಅಂದಳು ಗಾಳೆವ್ವ.

ಮುಷ್ಟಿ ಎತ್ತಿದವಳ ಹೆಗಲನ್ನು ಜಾಲಂಕ ಮುಟ್ಟಿದ. ಗಾಳೆವ್ವ ಹಾಗೆಯೇ ಕಲ್ಲಾದಳು. ಹದ್ದು ಆ ಕಲ್ಲನ್ನು ಕಾಲಲ್ಲಿ ಎತ್ತಿಕೊಂಡು ಕರಿಬೆಟ್ಟಕ್ಕೆ ಹಾರಿತು.

"ಅವ್ವನನ್ನು ಕರೆದುಕೊಂಡೇ ಬರುತ್ತೇನೆ" ಎಂದು ಉಡಚ ಬೆಟ್ಟ ಹತ್ತಿದ.

ಜಾಲಂಕನ ಮನೆ ಬಾಗಿಲಲ್ಲಿ ಎರಡು ತಲೆಯ ಹುಲಿ ಮಲಗಿತ್ತು.

"ಯಾರೋ ನೀನು?" ಅಂದಿತು ಒಂದು ತಲೆ.

"ತಿಂದು ಆಮೇಲೆ ಕೇಳೋಣ" ಅಂದಿತು ಇನ್ನೊಂದು.

ಉಡಚ ಎರಡೂ ಮೂತಿಗೆ ಗುದ್ದಿದ. ಹುಲಿ ಪರಚಿತು, ಇವನು ಒದ್ದ. ಅದು ಸೋತು ದಾರಿ ಬಿಡುವಷ್ಟರಲ್ಲಿ ಇವನಿಗೂ ಏದುಸಿರು. ಒಳಗೆ ಜಾಲಂಕ ಮೇಲಿಂದ ಕೆಳಗೆ ನೋಡಿ ನಕ್ಕ.

"ನನಗೆ ಭಯ ಹುಟ್ಟಿಸಿದವರನ್ನು ಮಾತ್ರ ಕಲ್ಲು ಮಾಡ್ತೀನಿ. ನಿನಗೆ ಅಷ್ಟು ಯೋಗ್ಯತೆ ಇಲ್ಲ."

ಉಫ್ ಎಂದು ಊದಿದ. ಉಡಚ ಹೊಟ್ಟಿನ ಹಾಗೆ ಹಾರಿ ಊರ ಕಣದಲ್ಲಿ ಬಿದ್ದ.

ನಾಚಿಕೆಯಿಂದ ಮನೆ ಸೇರಿ ಬಾಗಿಲು ಹಾಕಿಕೊಂಡ. ಊರ ಮಕ್ಕಳು ಬಂದು ಬಾಗಿಲು ಬಡಿದರು.

"ಉಡಚಣ್ಣ, ಗರಡಿ ತೆಗಿ."

"ಸೋತು ಬಂದವನು ಏನು ಕಲಿಸಲಿ?"

"ಬೀಳೋದನ್ನ ಕಲಿಸು. ಹಾರಿ ಬಂದು ಬಿದ್ದರೂ ಒಂದು ಎಲುಬೂ ಮುರೀಲಿಲ್ಲವಲ್ಲ!"

ಉಡಚ ನಕ್ಕ. ಬಾಗಿಲು ತೆಗೆದ. ಅಂದಿನಿಂದ ಬೆಳಗ್ಗೆ ತಾನು ಸಾಧನೆ ಮಾಡುವುದು, ಸಂಜೆ ಕಲಿಸುವುದು. ಮೂಗು ಸುರಿಸುತ್ತ ಬಂದವರ ಮೂಗು ಒರೆಸಿದ, ಲಂಗೋಟಿ ಕಟ್ಟಿದ, ಬಾಯಿ ಬಿಡಲು ಅಂಜುವ ಹೆಣ್ಣುಮಕ್ಕಳಿಂದ ಊರು ಅದುರುವಂತೆ ಕೂಗು ಹಾಕಿಸಿದ. ಮಕ್ಕಳು ದೊಡ್ಡವರಾದರು, ಅವರ ಮಕ್ಕಳು ಬಂದರು. ಮೊಣಕಾಲುಗಳನ್ನು ತಟ್ಟಿ ತಟ್ಟಿ ಉಡಚನ ಗಡ್ಡ ಅರ್ಧ ಬೆಳ್ಳಗಾಯಿತು.

ಆಗ ಎರಡನೆಯ ಸಲ ಬೆಟ್ಟ ಹತ್ತಿದ. ಹುಲಿಯ ಮುಂದೆ ಉಸಿರು ಬಿಗಿಹಿಡಿಯದೆ, ಕೈ ಎತ್ತದೆ, ಸುಮ್ಮನೆ ನಿಂತ.

"ಇವನು ಹೆದರ್ತಿಲ್ಲ."

"ಹೊಡೀತಾನೂ ಇಲ್ಲ."

"ಹಂಗಾದ್ರೆ ಹೋಗ್ಲಿ ಬಿಡು."

ಅಂಗಳದಲ್ಲಿ ಕಲ್ಲಾದ ಸೈನಿಕರ ನಡುವೆ ನಿಂತಿದ್ದ ಗಾಳೆವ್ವನ ಕಲ್ಲುಮುಖದ ಮೇಲೆ ಪಾಚಿ ಕಟ್ಟಿತ್ತು. ಉಡಚ ಹೆಗಲವಸ್ತ್ರದಿಂದ ಮೆಲ್ಲಗೆ ಒರೆಸಿದ.

ಜಾಲಂಕ ಮಂತ್ರದಂಡ ಕೆಳಗಿಟ್ಟು ತೋಳೇರಿಸಿದ. "ಈ ಸಲ ಮಂತ್ರವಿಲ್ಲದೆಯೇ ಕೆಡವ್ತೀನಿ, ಬಾ!"

ಇಬ್ಬರೂ ಎದುರುಬದುರಾದರು. ಮಾಂತ್ರಿಕನ ಕಾಲು ನೆಟ್ಟಗೆ ಗೂಟದ ಹಾಗಿತ್ತು. ಒಮ್ಮೆ ತಳ್ಳಿದ್ದರೆ ಬೀಳುತ್ತಿದ್ದ. ಆದರೆ ಉಡಚನಿಗೆ ಕಲಿಸಿ ಕಲಿಸಿ ರೂಢಿಯಾಗಿತ್ತು. ಅವನಿಗೇ ತಿಳಿಯದಂತೆ ಪಾದ ಹೋಗಿ ಜಾಲಂಕನ ಮೊಣಕಾಲು ತಟ್ಟಿತು.

"ಬಗ್ಗಿಸೋ ಮಗನೆ."

ಜಾಲಂಕ ಬಗ್ಗಿಸಿದ. ಅಲ್ಲಿಂದಲೇ ಒಂದು ಗುದ್ದು ಬಿಟ್ಟ. ಉಡಚ ಮೆಟ್ಟಿಲು ಮೆಟ್ಟಿಲಾಗಿ ಉರುಳಿ ಕೆಳಗೆ ಬಂದ.

"ಶತ್ರುವಿಗೂ ಪಾಠ ಹೇಳಿ ಬಂದ್ಯಾ ಮಾರಾಯ!" ಎಂದು ನಡೆದದ್ದನ್ನು ಕೇಳಿ ಊರೆಲ್ಲ ನಕ್ಕಿತು. ಉಡಚನೂ ನಕ್ಕ. ಆಮೇಲೆ ಒಳಗೆ ಹೋಗಿ ಒಬ್ಬನೇ ಅತ್ತ.

ಮೂರನೆಯ ಸಲ ಹೊರಟಾಗ ಅವನು ಪೂರ್ತಿ ಮುದುಕ. "ನಾವೂ ಬರ್ತೀವಿ" ಎಂದರು ಶಿಷ್ಯರು.

"ನೀವೂ ಕಲ್ಲಾದ್ರೆ ಸಂಜೆ ಮಕ್ಕಳಿಗೆ ಕಲಿಸೋರ್ಯಾರು? ಸುಮ್ನಿರಿ."

ಹುಲಿಗೂ ವಯಸ್ಸಾಗಿತ್ತು. ಎರಡು ತಲೆಯೂ ಕಿವಿ ಕೆರೆಸಿಕೊಂಡು ದಾರಿ ಬಿಟ್ಟವು. ಅಂಗಳದಲ್ಲಿ ಜಾಲಂಕ ಮೊಣಕಾಲು ಬಗ್ಗಿಸಿ ನಿಂತಿದ್ದ. ತೊಡೆ ಗಡಗಡ ನಡುಗುತ್ತಿತ್ತು.

"ಎಷ್ಟು ತಡ ಮಾಡಿದೆ! ಈಗ ಸರಿ ಇದೆಯಾ, ನೋಡು."

"ಹಿಮ್ಮಡಿ ಎದ್ದಿದೆ" ಅಂದ ಉಡಚ.

ಜಾಲಂಕ ಕುಸಿದು ಕೂತ. "ಮಂತ್ರವೆಲ್ಲ ಕದ್ದು ತಂದದ್ದು, ಬೇಗ ಬಂತು. ಇದು ಬರ್ತಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಮುಟ್ಟಿ ತಿದ್ದಿದವನು ನೀನೊಬ್ಬನೇ. ಕಲಿಸು."

ಉಡಚನ ಮುಷ್ಟಿ ಬಿಗಿಯಿತು. ಈಗ ಹೊಡೆದರೆ ಮುಗಿಯಿತು. ಆದರೆ ಹೊಡೆದರೆ ಅವ್ವ ಕಲ್ಲಾಗಿಯೇ ಉಳಿಯುತ್ತಾಳೆ. ಮುಷ್ಟಿ ಬಿಚ್ಚಿದ.

"ನಮ್ಮ ಗರಡಿಗೆ ಒಂದು ಕಟ್ಟಳೆ ಇದೆ. ನಮ್ಮವರಿಗೆ ಅನ್ಯಾಯ ಮಾಡಿದವನು ಒಳಗೆ ಬರಬೇಕಾದರೆ ಅನ್ಯಾಯ ಉಂಡವರೇ ಹೂಂ ಅನ್ನಬೇಕು. ಗುರುವಾದರೂ ನನಗೆ ಆ ಹಕ್ಕಿಲ್ಲ. ಅವಳನ್ನೇ ಕೇಳು."

"ಬೇಡ ಅಂದರೆ?"

"ಬೇಡ ಅಂದರೆ ಬೇಡ."

ಜಾಲಂಕ ನೆಲಕ್ಕೆ ಕೈಯೂರಿ ಎದ್ದ. ಮಂತ್ರದಂಡ ಹಿಡಿದು ಹೋಗಿ ಗಾಳೆವ್ವನ ಕಲ್ಲಿನ ಹೆಗಲು ಮುಟ್ಟಿದ. ಕಲ್ಲು ಬೆಚ್ಚಗಾಯಿತು. ಅಂದು ಎತ್ತಿದ್ದ ಮುಷ್ಟಿ ಇಂದು ಇಳಿಯಿತು. ಜಾಲಂಕ ಉರುಳಿ ಅಂಗಳದ ಬಾವಿಕಟ್ಟೆಗೆ ಬಡಿದ.

ಗಾಳೆವ್ವ ತಿರುಗಿದಳು. "ಯಾರಜ್ಜ ನೀನು?"

ಮುದುಕ ತನಗಿಂತ ಚಿಕ್ಕವಳಾಗಿ ಕಾಣುತ್ತಿದ್ದ ಆ ಹೆಂಗಸಿನ ಕಾಲು ಹಿಡಿದ. "ಅವ್ವಾ, ನಾನು ಉಡಚ."

ಗಾಳೆವ್ವ ಅವನ ಬಿಳಿ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಇಷ್ಟು ವರ್ಷ ನಿನಗೆ ರೊಟ್ಟಿ ಯಾರು ಮಾಡಿ ಹಾಕಿದರೋ ಕಂದಾ?" ಅಂದಳು.

ಉಡಚ ಎಲ್ಲ ಹೇಳಿದ. ಕೇಳಿ ಗಾಳೆವ್ವ ಜಾಲಂಕನ ಕಡೆ ನೋಡಿದಳು. "ಏಳೋ. ಇಲ್ಲಿ ಕಲ್ಲಾಗಿರೋರನ್ನೆಲ್ಲ ಎಬ್ಬಿಸು. ಮಂತ್ರದಂಡ ಒಲೆಗೆ ಹಾಕು. ಒಂದು ವರ್ಷ ಗರಡಿ ಗುಡಿಸು. ಹೂಂ ಅನ್ನೋದನ್ನ ಆಮೇಲೆ ನೋಡೋಣ."

ಜಾಲಂಕ ಎಲ್ಲರನ್ನೂ ಎಬ್ಬಿಸಿದ. ಮಂತ್ರದಂಡ ಸುಟ್ಟು ಬೂದಿಯಾಯಿತು, ಅವನ ಮಾಯೆಯೂ ಹೋಯಿತು. ಸೈನಿಕರು ತಮಗಿಂತ ಮುದುಕರಾಗಿದ್ದ ಹೆಂಡತಿ ಮಕ್ಕಳ ಹತ್ತಿರ ಓಡಿದರು. ಮುಪ್ಪಾದ ರಾಜ ಮಂಚದ ಕೆಳಗಿಂದ ಬಂದು ತಾನೇ ಗೆದ್ದೆ ಎಂದು ಡಂಗುರ ಸಾರಿಸಿದ, ಯಾರೂ ಕಿವಿಗೊಡಲಿಲ್ಲ.

ಊರಿಗೆ ಬಂದ ಗಾಳೆವ್ವ ಕಂಡದ್ದು ಗರಡಿಯ ತುಂಬ ಮಕ್ಕಳು, ಬಾಗಿಲಾಚೆ ಬೀದಿಯ ತುಂಬ ಮಕ್ಕಳು. ಎಲ್ಲರೂ ಒಟ್ಟಿಗೆ ಹೆಜ್ಜೆ ಇಟ್ಟರು, ಒಟ್ಟಿಗೆ ಕೂಗು ಹಾಕಿದರು. ಅವಳು ಉಡಚನ ಕಡೆ ತಿರುಗಿದಳು.

"ನನಗಿಂತ ಚೆನ್ನಾಗಿ ಕಲಿಸಿದ್ದೀಯೋ."

"ನಂಗೊತ್ತು ಬಿಡವ್ವ" ಎಂದು ಎದೆಯುಬ್ಬಿಸಿದ ಉಡಚ, ಮರುಗಳಿಗೆಯೇ ಅವಳ ಮಡಿಲಲ್ಲಿ ಮುಖವಿಟ್ಟು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ.

ಆಮೇಲೆ ಕಂಚಿನಕೋಟೆಯಲ್ಲಿ ಯಾರೂ ಕಲ್ಲಾಗಲಿಲ್ಲ, ಎಲ್ಲರೂ ಸುಖವಾಗಿದ್ದರು. ಜೋಳದಹಾಳಿನವರಂತೂ ಎಲ್ಲರಿಗಿಂತ ಒಂದು ಕೈ ಹೆಚ್ಚು.